ಸಂಪಾದಕರ ಉತ್ತರ: ಮೂರನೇ ವಾರ ದಾಟಿದವರನ್ನು ಕೇಳಿ

ಕಾಸರಗೋಡಿನ ಪೆರ್ಲದ ಸಹೋದರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ಯಜಮಾನರಿಗೆ ಬಾಯಿಯ ಕ್ಯಾನ್ಸರ್. ಆಪರೇಷನ್ ಮುಗಿದು ಈಗ ಮಂಗಳೂರಿನಲ್ಲಿ ರೇಡಿಯೇಶನ್. "ಕ್ಯಾನ್ಸರ್ ಗೆದ್ದವರ ಕಥೆ ಹಾಕ್ತೀರಿ, ಫೋಟೋದಲ್ಲಿ ಎಲ್ಲರೂ ನಗ್ತಾರೆ. ಇಲ್ಲಿ ಇವರು ಒಂದು ತುತ್ತು ನುಂಗಲಿಕ್ಕಾಗದೆ ಬಟ್ಟಲು ದೂಡ್ತಾರೆ. ನನಗೆ ಸಿಟ್ಟು ಬರ್ತದೆ, ಮತ್ತೆ ಅಳು ಬರ್ತದೆ. ಆ ಕಥೆಗಳಿಂದ ನನಗೇನು?" ಎಂದು ಕೇಳಿದ್ದೀರಿ.

ಗೆದ್ದ ಸುದ್ದಿಯಿಂದ ನಿಮ್ಮ ಇವತ್ತಿನ ದಿನ ಹಗುರ ಆಗುವುದಿಲ್ಲ, ನಿಜ. ಆದರೆ ಆ ನಗುವಿಗೆ ಮೊದಲು ಅವರ ಮನೆಯಲ್ಲಿ ಏನು ನಡೆಯಿತು ಎಂಬುದು ನಿಮಗೆ ಬೇಕು.

ಕುಂಬಳೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಇದೇ ಕಾಯಿಲೆ ಬಂದಿತ್ತು. ಅವರ ಹೆಂಡತಿ ನನಗೊಂದು ನೋಟ್ ಪುಸ್ತಕ ತೋರಿಸಿದರು. ಒಳಗೆ ಬರೀ ಊಟದ ಲೆಕ್ಕ. 'ಗಂಜಿತಿಳಿ ಅರ್ಧ ಲೋಟ. ಮಜ್ಜಿಗೆ ಉರಿ. ಎಳನೀರು ಒಳಗೆ ಹೋಯಿತು.' ಒಂದು ಪುಟದಲ್ಲಿ ಏನೂ ಇಲ್ಲ, 'ಬಟ್ಟಲು ಬಿಸಾಡಿದರು' ಎಂದಷ್ಟೇ. ತುಂಬಾ ಪುಟಗಳಾದ ಮೇಲೆ 'ಕುಚ್ಚಲಕ್ಕಿ ಗಂಜಿ, ಉಪ್ಪು ಗೊತ್ತಾಯಿತಂತೆ' ಎಂದಿದೆ. ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಬಾಯಿಯ ರೇಡಿಯೇಶನ್ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 6 ವಾರ ನಡೆಯುತ್ತದೆ. ಎರಡು-ಮೂರನೇ ವಾರದಿಂದ ಬಾಯಿ ಹುಣ್ಣಾಗುತ್ತದೆ. ಚಿಕಿತ್ಸೆ ಮುಗಿದ ಕೂಡಲೇ ಅದು ಮಾಯುವುದಿಲ್ಲ, ಇನ್ನೂ ಕೆಲವು ವಾರ ಬೇಕು. ರುಚಿ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಇದು ಮೊದಲೇ ಗೊತ್ತಿದ್ದರೆ, ದೂಡಿದ ಬಟ್ಟಲು ನೋಡಿ 'ನನ್ನ ಆರೈಕೆ ಸಾಲದಾಯಿತೇ' ಎಂದು ಕೊರಗುವುದಿಲ್ಲ ಅಲ್ವಾ? ನನಗೆ ಭರವಸೆ ಕಾಣುವುದು ಇಂಥ ತಿಳಿವಳಿಕೆಯಲ್ಲೇ. ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದವರು ಹಿಂತಿರುಗಿ 'ಇಲ್ಲಿ ಹಳ್ಳ ಇದೆ, ಆಚೆ ದಾರಿ ಸರಿಯಾಗಿದೆ' ಎಂದು ಹೇಳಿದ ಹಾಗೆ. ನೋವು ಜಾಸ್ತಿಯಾದರೆ, ನೀರೂ ಇಳಿಯದಿದ್ದರೆ ಮಾತ್ರ ಕಾಯಬೇಡಿ. ಡಾಕ್ಟರಿಗೆ ಅಂದೇ ಹೇಳಿ. ನೋವಿಗೆ ಮದ್ದಿದೆ, ಸಹಿಸಿಕೊಂಡು ಕೂರುವ ಅಗತ್ಯವಿಲ್ಲ.

ಸಿಟ್ಟಿನ ಮಾತಿಗೆ ಬರುತ್ತೇನೆ. ಅದು ಪಾಪವಲ್ಲ. ನಿದ್ದೆಗೆಟ್ಟವರಿಗೆ ಸಿಟ್ಟು ಬರುತ್ತದೆ. ಮೇಷ್ಟ್ರ ಹೆಂಡತಿಗೂ ಬರುತ್ತಿತ್ತು. ಭಾನುವಾರ ನಾದಿನಿ ಬಂದು ನಿಂತ ಮೇಲೆ ಅವರು ಮಧ್ಯಾಹ್ನ ನಿದ್ದೆ ಮಾಡಿದರು, ಅಷ್ಟರಿಂದಲೇ ಅರ್ಧ ಸಿಟ್ಟು ಇಳಿಯಿತಂತೆ. ನಿಮ್ಮದೇ ಎಣ್ಮಕಜೆ ಪಂಚಾಯತಿನಲ್ಲಿ, ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಮಕ್ಕಳ ಅಮ್ಮಂದಿರನ್ನು ನೋಡಿ. ಬೆಳೆದ ಮಕ್ಕಳನ್ನು ಎತ್ತಿ, ಮೀಯಿಸಿ, ಉಣ್ಣಿಸಿ ವರ್ಷಗಳನ್ನು ಕಳೆದವರು. ಇದು ಒಬ್ಬರಿಂದ ಆಗುವ ಕೆಲಸ ಅಲ್ಲ ಎಂದು ಬೀದಿಗಿಳಿದು ಕೇಳಿದವರೂ ಅವರೇ. ಸಹಾಯ ಕೇಳಲು ನೀವೂ ನಾಚಬೇಡಿ.

ಕೇರಳ ಸರಕಾರ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ರೋಗಿಯ ನೋವು-ಸಂಕಟ ಕಡಿಮೆ ಮಾಡುವ ಆರೈಕೆಗೆ, ನೀತಿ ತಂದಿದೆ. ಪಂಚಾಯತಿನ ಆರೋಗ್ಯ ಕೇಂದ್ರದ ನರ್ಸ್ ರೋಗಿಗಳ ಮನೆಗೆ ಬರುವ ವ್ಯವಸ್ಥೆ ಇದೆ. ಅದು ಕೊನೆಗಾಲದವರಿಗೆ ಮಾತ್ರ ಎಂದು ನಮ್ಮಲ್ಲಿ ಹಲವರು ಸುಮ್ನೆ ಹೆದರುತ್ತಾರೆ. ಚಿಕಿತ್ಸೆ ನಡೆಯುತ್ತಿರುವವರೂ ಕೇಳಬಹುದು. ಮಲಯಾಳದ ಫಾರ್ಮ್ ತುಂಬಲು ಕಷ್ಟವಾದರೆ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಮುಂದಿನ ಸಂಚಿಕೆಯಿಂದ ಆರೈಕೆ ಮಾಡುವವರ ಮಾತಿಗೂ ಒಂದು ಪುಟ ಇಡುತ್ತೇವೆ. ಮೇಷ್ಟ್ರ ಹೆಂಡತಿ ನಿಮ್ಮ ಜೊತೆ ಮಾತಾಡಲು ಒಪ್ಪಿದ್ದಾರೆ. ನಂಬರನ್ನು ಬೇರೆ ಕವರಿನಲ್ಲಿ ಕಳಿಸಿದ್ದೇನೆ. ಸಂಜೆ 4ರ ಮೇಲೆ ಬಿಡುವಾಗಿರುತ್ತಾರಂತೆ. ಕವರು ಸಿಕ್ಕಿದ ದಿನವೇ ಫೋನ್ ಮಾಡಿ.

– ಸಂಪಾದಕ