ಬೀರುವಿನಲ್ಲಿ ಬೀಗ ಹಾಕಿದ್ದ ಲ್ಯಾಪ್‌ಟಾಪ್

ಮಕ್ಕಳಿಗೂ ಪೋಷಕರಿಗೂ ಆಪ್ತಸಲಹೆ ನೀಡುವ ನನಗೆ ಪರೀಕ್ಷೆಯ ಫಲಿತಾಂಶ ಬಂದ ವಾರಗಳಲ್ಲಿ ಒಂದೇ ಬಗೆಯ ಕರೆಗಳು ಬರುತ್ತವೆ: ‘ಮಗ ಗೇಮ್‌ಗೆ ದಾಸನಾಗಿದ್ದಾನೆ, ಬಿಡಿಸಿ ಕೊಡಿ.’ ಯಾವ ಗೇಮ್ ಎಂದು ಕೇಳಿದರೆ ಹೆಚ್ಚಿನ ತಂದೆತಾಯಿಗಳಿಗೆ ಉತ್ತರ ಗೊತ್ತಿರುವುದಿಲ್ಲ. ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕಾಗಿಯೇ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದವನು. ಮಧ್ಯಾವಧಿ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಅನುತ್ತೀರ್ಣನಾಗಿದ್ದ. ತಂದೆ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅಪ್ಪ ಮಗನ ನಡುವೆ ಮಾತು ನಿಂತಿತ್ತು. ವಿಶ್ವ ಆರೋಗ್ಯ ಸಂಸ್ಥೆ ರೋಗಗಳನ್ನು ವರ್ಗೀಕರಿಸುವ ಐಸಿಡಿ-11 ಪಟ್ಟಿ 2022ರಲ್ಲಿ ಜಾರಿಗೆ ಬಂದಾಗಿನಿಂದ ‘ಗೇಮಿಂಗ್ ವ್ಯಾಧಿ’ ಎಂಬ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಅದಕ್ಕೆ ಆಟದ ಮೇಲಿನ ಹಿಡಿತ ತಪ್ಪಿರಬೇಕು, ಬದುಕಿನ ಉಳಿದೆಲ್ಲವೂ ಹಿಂದೆ ಸರಿದಿರಬೇಕು, ಹಾನಿ ಕಂಡರೂ ಬಿಡಲಾಗದಿರಬೇಕು. ಅದೂ ಸಾಮಾನ್ಯವಾಗಿ 12 ತಿಂಗಳ ಕಾಲ. ಇವನು ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದ, ಕಾಲೇಜು ತಪ್ಪಿಸುತ್ತಿರಲಿಲ್ಲ, ಸಂಜೆ ಶಟಲ್ ಆಡುತ್ತಿದ್ದ.

ಆಡುತ್ತಿದ್ದದ್ದು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ರಾಕೆಟ್ ಕಟ್ಟಿ ಹಾರಿಸುವ ಆಟ. ಮುಂದಿನ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ತಂದೆಗೆ ಅದು ಹಿಡಿಸಲಿಲ್ಲ, ಆದರೂ ತಂದರು. ಮೊದಲು ನೀವೇ ಹಾರಿಸಿ ಎಂದು ಅವರನ್ನೇ ಕೂರಿಸಿದೆ. ಅವರು ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರು. ಅದು ಆಟದ ಪುಟ್ಟ ಗ್ರಹದ 70 ಕಿಲೋಮೀಟರಿನ ವಾಯುಮಂಡಲ ದಾಟಿತು, ಇಂಧನ ಮುಗಿಯಿತು, ಹೋದ ದಾರಿಯಲ್ಲೇ ಕೆಳಗೆ ಬಿತ್ತು.

‘ಎತ್ತರ ಇದ್ದರೆ ಸಾಲದು ಅಪ್ಪ, ಪಕ್ಕಕ್ಕೆ ವೇಗ ಬೇಕು,’ ಎಂದ ಮಗ. ‘ನೂರು ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 2,250 ಮೀಟರಿನ ಹತ್ತಿರ ಬರಬೇಕು. ಇಲ್ಲದಿದ್ದರೆ ಬೀಳುತ್ತದೆ.’

ಯಾರು ಹೇಳಿಕೊಟ್ಟರು ಎಂದು ಕೇಳಿದೆ. ‘ಯಾರೂ ಇಲ್ಲ ಮೇಡಂ. ಬೀಳಿಸಿ ಬೀಳಿಸಿ ಗೊತ್ತಾಯಿತು.’

ತಂದೆ ಸಾಕ್ಷಿಗೆಂದು ಉತ್ತರ ಪತ್ರಿಕೆಯನ್ನೂ ತಂದಿದ್ದರು. ಅದರಲ್ಲಿ ಉಪಗ್ರಹದ ಕಕ್ಷಾ ವೇಗದ ಸೂತ್ರವನ್ನು ಸಾಧಿಸುವ ಪ್ರಶ್ನೆಯ ಸಂಖ್ಯೆ ಬರೆದು ಜಾಗ ಖಾಲಿ ಬಿಟ್ಟಿದ್ದ. ಪಠ್ಯಪುಸ್ತಕದ ಸೂತ್ರವನ್ನು ತೋರಿಸಿ, ಇದಕ್ಕೆ ನಿನ್ನ ಆಟದ ಗ್ರಹದ ಅಂಕಿಗಳನ್ನು ಹಾಕು ಎಂದೆ. ತ್ರಿಜ್ಯ 600 ಕಿಲೋಮೀಟರ್, ನೆಲದ ಮಟ್ಟದಲ್ಲಿ ಗುರುತ್ವ ನಮ್ಮ ಭೂಮಿಯಷ್ಟೇ, 9.81. ಪತ್ರಿಕೆಯ ಹಿಂಬದಿಯಲ್ಲೇ ಲೆಕ್ಕ ಮಾಡಿದ. ತ್ರಿಜ್ಯಕ್ಕೆ ನೂರು ಕಿಲೋಮೀಟರ್ ಎತ್ತರ ಕೂಡಿಸುವುದನ್ನು ಮರೆತು ಒಮ್ಮೆ ಹೊಡೆದುಹಾಕಿದ. ಎರಡನೆಯ ಸಲ ಬಂದದ್ದು 2,246.

‘ಆ ಸೂತ್ರ ಅಂದರೆ ಇದೇನಾ ಮೇಡಂ?’

ಈ ಪ್ರಶ್ನೆಯೇ ನನ್ನ ಸಲಹೆಗೆ ಆಧಾರ. ಆಟ ಅವನಿಗೆ ವಿಷಯ ಕಲಿಸಿತ್ತು. ಕಲಿತದ್ದು ಪಾಠದಲ್ಲಿರುವುದೇ ಎಂದು ತಿಳಿಸಿರಲಿಲ್ಲ. ಆ ಕೊಂಡಿ ಹಾಕಲು ಪಕ್ಕದಲ್ಲಿ ಒಬ್ಬರು ಕುಳಿತು ‘ಏಕೆ ಬಿತ್ತು?’ ಎಂದು ಕೇಳಬೇಕು. 2011ರಲ್ಲಿ, ಪ್ರೋಟೀನ್‌ಗಳ ಆಕಾರ ಹುಡುಕುವ ಒಗಟಿನ ಆಟವಾದ ‘ಫೋಲ್ಡಿಟ್’ನ ಆಟಗಾರರು ಕೋತಿಗಳ ವೈರಾಣುವೊಂದರ ಕಿಣ್ವದ ರಚನೆಯನ್ನು ಬಿಡಿಸಿದ್ದನ್ನು ಗೇಮ್‌ಪ್ರಿಯರು ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿಯೂ ಒಗಟನ್ನು ಮುಂದಿಟ್ಟವರು, ಬಂದ ಉತ್ತರವನ್ನು ಒರೆಗೆ ಹಚ್ಚಿದವರು ವಿಜ್ಞಾನಿಗಳು.

ಲ್ಯಾಪ್‌ಟಾಪ್ ಹಿಂದಿರುಗಿಸಲು ಹೇಳಿದೆ. ಷರತ್ತು ಇಷ್ಟು: ಹಾರಿಸುವ ಮುನ್ನ ಬೇಕಾದ ವೇಗವನ್ನು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಬೇಕು, ಹಾರಿಸಿದ ಮೇಲೆ ವ್ಯತ್ಯಾಸಕ್ಕೆ ಕಾರಣ ಬರೆಯಬೇಕು, ರಾತ್ರಿ ಹತ್ತಕ್ಕೆ ಮುಚ್ಚಬೇಕು. ಭಾನುವಾರ ತಂದೆಯೂ ಪಕ್ಕದಲ್ಲಿ ಕೂರಬೇಕು. ಈ ಕೊನೆಯದನ್ನು ಒಪ್ಪಿಸುವುದೇ ಕಷ್ಟವಾಯಿತು.

ಚಟಕ್ಕೆ ಪರವಾನಗಿ ಕೊಟ್ಟಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹಣ ತೆತ್ತು ಅದೃಷ್ಟದ ಪೆಟ್ಟಿಗೆ ತೆರೆಯುವ ಆಟಗಳಾಗಿದ್ದರೆ ಅಳಿಸಿಹಾಕಿ ಎನ್ನುತ್ತೇನೆ, ಎಷ್ಟೋ ಮನೆಗಳಿಗೆ ಹೇಳಿದ್ದೇನೆ ಕೂಡ. ಆದರೆ ಸೋಲಿಗೆ ಕಾರಣ ಹುಡುಕಿದರಷ್ಟೇ ಮುಂದೆ ಬಿಡುವ ಆಟವನ್ನು ಅವುಗಳ ಸಾಲಿನಲ್ಲಿ ನಿಲ್ಲಿಸಿ ಬೀಗ ಹಾಕುವುದು ಸೋಮಾರಿತನ. ಪೋಷಕರಿಗೆ ಇದು ಒರಟಾಗಿ ಕೇಳಿಸಬಹುದು, ಕೇಳಿಸಲಿ.

ವಾರ್ಷಿಕ ಪರೀಕ್ಷೆಯಲ್ಲಿ ಹುಡುಗ ಭೌತಶಾಸ್ತ್ರದಲ್ಲಿ ಪಾಸಾದ. ರಸಾಯನಶಾಸ್ತ್ರ ತೆವಳಿಕೊಂಡು ದಾಟಿತು. ಅದಕ್ಕೂ ಇಂಥದ್ದೊಂದು ಗೇಮ್ ಇದೆಯೇ ಎಂದು ತಂದೆ ಫೋನ್ ಮಾಡಿದ್ದರು. ಹುಡುಕಬೇಡಿ, ಟ್ಯೂಷನ್‌ಗೆ ಕಳುಹಿಸಿ ಎಂದೆ.