ಶಿರಸಿಯಲ್ಲಿ 40 ಲಕ್ಷದ ಮನೆ, ಕೈಯಲ್ಲಿ 8 ಲಕ್ಷ: ಸಾಕಾಗುತ್ತದಾ?

ಶಿರಸಿ ಪೇಟೆಯೊಳಗೆ 40 ಲಕ್ಷದ ಮನೆ ನೋಡಿದ್ದೀರಿ, ಬ್ಯಾಂಕು 32 ಲಕ್ಷ ಕೊಡುತ್ತದಂತೆ, ಉಳಿದ 8 ಲಕ್ಷ ಕೂಡಿಟ್ಟಿದ್ದೀರಿ. ‘ಇನ್ನೇನಾದರೂ ಖರ್ಚು ಬರುತ್ತದಾ’ ಎಂದು ಕೇಳಿದ್ದೀರಿ. ಬರುತ್ತದೆ ಮಾರಾಯ್ರೆ, ಮೂರು ಲಕ್ಷಕ್ಕೂ ಮೇಲೆ.

2021ರಲ್ಲಿ ನಾನು ಮನೆ ಕೊಂಡಾಗ ಕಂತಿನ ಪಟ್ಟಿ ಕೈಗೆ ಬಂದ ಮೇಲೆ ನೋಡುತ್ತೇನೆ, ಸಾಲ ನಾನು ಕೇಳಿದ್ದಕ್ಕಿಂತ 90 ಸಾವಿರ ಜಾಸ್ತಿ! ವಿಮೆಯ ಪ್ರೀಮಿಯಂ ಅಷ್ಟನ್ನೂ ಸಾಲಕ್ಕೇ ಸೇರಿಸಿಬಿಟ್ಟಿದ್ದರು. ಕೇಳಿದರೆ ನನ್ನದೇ ಸಹಿ ತೋರಿಸಿದರು. ಅವತ್ತು ಹಾಕಿದ ನಲವತ್ತೋ ಐವತ್ತೋ ಸಹಿಗಳಲ್ಲಿ ಅದೂ ಒಂದು. ಅಡಿಕೆ ಮಾರಿ ಬಂದರೆ ಪಟ್ಟಿಯಲ್ಲಿ ಹಮಾಲಿಗೂ ಒಂದು ಸಾಲು ಇರುತ್ತದೆ. ಇಪ್ಪತ್ತು ವರ್ಷದ ಸಾಲಕ್ಕೆ ಅಷ್ಟೂ ಇರಲಿಲ್ಲ.

ನಿಮಗೆ ಅಂಥ ಖರ್ಚಿನ ಪಟ್ಟಿ ಸಿಗುತ್ತದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಗೃಹಸಾಲಕ್ಕೆಲ್ಲ ಕೆಎಫ್‌ಎಸ್, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಪ್ರೊಸೆಸಿಂಗ್ ಫೀ, ವಕೀಲರ ಫೀ, ವ್ಯಾಲ್ಯುಯೇಶನ್, ವಿಮೆ, ಹೀಗೆ ಬ್ಯಾಂಕಿನ ಮೂಲಕ ವಸೂಲಾಗುವುದೆಲ್ಲ ಅದರಲ್ಲಿ ಬರಬೇಕು. ಅದರಲ್ಲಿಲ್ಲದ ಶುಲ್ಕವನ್ನು ನೀವು ಸ್ಪಷ್ಟವಾಗಿ ಒಪ್ಪದೆ ಹಾಕುವಂತಿಲ್ಲ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂಬ ನಿಯಮವೂ ಇದೆ, ಕನ್ನಡದಲ್ಲೇ ಕೇಳಿ. ಅದರಲ್ಲಿ ಹೇಳಿದ ಷರತ್ತಿಗೆ ಒಪ್ಪಿಕೊಳ್ಳಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಹಾಗಾಗಿ ಕೌಂಟರಿನಲ್ಲೇ ಸಹಿ ಹಾಕಬೇಡಿ, ಮನೆಗೆ ತನ್ನಿ. ಎರಡು ಬ್ಯಾಂಕಿನದನ್ನು ಪಕ್ಕಪಕ್ಕ ಇಟ್ಟು ಎಪಿಆರ್ ಎಂಬ ಅಂಕಿಯನ್ನು ಹೋಲಿಸಿ. ಬಡ್ಡಿಯ ಜೊತೆ ಈ ಶುಲ್ಕಗಳೂ ಸೇರಿ ವರ್ಷಕ್ಕೆ ಬೀಳುವ ಶೇಕಡಾವಾರು ಅದು. ಬೋರ್ಡಿನ ಮೇಲೆ ಕಡಿಮೆ ಬಡ್ಡಿ ಬರೆದುಕೊಂಡ ಬ್ಯಾಂಕಿನ ಬಣ್ಣ ಅಲ್ಲಿ ಬಯಲಾಗುವುದುಂಟು. ಸೌಹಾರ್ದ ಪತ್ತಿನ ಸಹಕಾರಿಯಲ್ಲೋ ಊರಿನ ಸೊಸೈಟಿಯಲ್ಲೋ ಸಾಲ ಮಾಡುವುದಾದರೆ ಈ ನಿಯಮ ಅನ್ವಯಿಸುವುದಿಲ್ಲ, ಅವು ರಿಸರ್ವ್ ಬ್ಯಾಂಕಿನ ಅಡಿ ಬರುವುದಿಲ್ಲ. ಖರ್ಚಿನ ಪಟ್ಟಿಯನ್ನು ನೀವೇ ಕೇಳಿ ಬರೆಸಿಕೊಳ್ಳಬೇಕು.

ಆದರೆ ನಾನು ಮೊದಲು ಹೇಳಿದ ಮೂರು ಲಕ್ಷವನ್ನು ಕೆಎಫ್‌ಎಸ್‌ನಲ್ಲಿ ಹುಡುಕಬೇಡಿ. ಅದು ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಬತ್ತು. 40 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ. 5, ಎಂದರೆ 2 ಲಕ್ಷ. ಆ 2 ಲಕ್ಷದ ಮೇಲೆ ಸೆಸ್ ಶೇ. 10, ಪೇಟೆಯಾದ್ದರಿಂದ ಸರ್ಚಾರ್ಜ್ ಶೇ. 2, ಒಟ್ಟು 24 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ, ಅದು 80 ಸಾವಿರ. ಅಲ್ಲಿಗೆ 3,04,000. ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ, ಅಂದರೆ ಮಾರ್ಗಸೂಚಿ ಬೆಲೆ, 40 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಲೆಕ್ಕ ಅದರ ಮೇಲೆ. ಪತ್ರ ಬರೆಯುವವರ ಫೀಸು, ಬ್ಯಾಂಕಿಗೆ ಹಕ್ಕುಪತ್ರ ಅಡವಿಡುವ ಪತ್ರದ ಮುದ್ರಾಂಕ ಇವೆಲ್ಲ ಬೇರೆ.

ಇದಕ್ಕೂ ಸಾಲ ಸೇರಿಸಿ ಕೊಡಿ ಎಂದರೆ ಬ್ಯಾಂಕು ಒಪ್ಪುವುದಿಲ್ಲ. 10 ಲಕ್ಷ ಮೀರಿದ ಮನೆಗೆ ಮುದ್ರಾಂಕ, ನೋಂದಣಿ ಖರ್ಚನ್ನು ಮನೆಯ ಬೆಲೆಯಲ್ಲಿ ಹಿಡಿಯುವಂತಿಲ್ಲ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 80ರ ಮಿತಿ ಇದೆ, ನಿಮ್ಮ 32 ಲಕ್ಷ ಆ ಅಂಚಿನಲ್ಲೇ ನಿಂತಿದೆ.

ಮುಂಗಡ ಕೊಡಬೇಡಿ ಇನ್ನೂ. ಮೊದಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಜಾಗದ ಮಾರ್ಗಸೂಚಿ ಬೆಲೆ ನೋಡಿ. ಆ 8 ಲಕ್ಷಕ್ಕೆ ಈ ಖರ್ಚೆಲ್ಲ ಸೇರಿ ಸುಮಾರು ಹನ್ನೊಂದೂವರೆ ಲಕ್ಷ ಹೊಂದದಿದ್ದರೆ, ಈ ಸಲದ ಅಡಿಕೆ ಮಾರಾಟವಾಗುವವರೆಗೆ ಕರಾರಿನಲ್ಲಿ ಅವಧಿ ಹಾಕಿಸಿಕೊಳ್ಳಲು ಮಾರುವವರ ಹತ್ತಿರ ಮಾತಾಡಿ.