ವಾಗ್ದಾನದ ಕಾರ್ಡ್ ದಿಂಬಿನ ಕೆಳಗಿತ್ತು, ಅಪ್ಪ ಉಳಿಯಲಿಲ್ಲ

ಪ್ರಶ್ನೆ: ನನಗೆ 29 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಭಾನುವಾರ ನಮ್ಮ ಸಭೆಯಲ್ಲಿ ಸಂಡೆ ಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಕಳೆದ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಎಲ್ಲರ ಹಾಗೆ ನಾನೂ ವಾಗ್ದಾನದ ಕಾರ್ಡ್, ಅಂದರೆ ಹೊಸ ವರ್ಷಕ್ಕೆಂದು ಬೈಬಲ್ ವಚನ ಬರೆದಿಟ್ಟ ಚೀಟಿಗಳಲ್ಲಿ ಒಂದನ್ನು ತೆಗೆದೆ. ಬೈಬಲಿನ ಯೆರೆಮೀಯ 29:11 ಬಂತು. ದೇವರ ಆಲೋಚನೆ ನಮ್ಮ ಹಿತಕ್ಕೇ, ಕೇಡಿಗಲ್ಲ ಎನ್ನುವ ವಚನ. ಅಪ್ಪನಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಇದು ಅಪ್ಪನಿಗಾಗಿಯೇ ಬಂದದ್ದು ಅಂದುಕೊಂಡೆ. ಅಮ್ಮನಿಗೂ ಹಾಗೇ ಹೇಳಿ ಧೈರ್ಯ ತುಂಬಿದೆ. ಆಸ್ಪತ್ರೆಯಲ್ಲಿ ಆ ಕಾರ್ಡನ್ನು ಅಪ್ಪನ ದಿಂಬಿನ ಕೆಳಗೆ ಇಟ್ಟಿದ್ದೆ. ಆಪರೇಷನ್ ಆಗಿ ನಾಲ್ಕನೇ ದಿನ ಅಪ್ಪ ಹೋದರು. ನಮ್ಮ ಸಭೆಯ ಹಿರಿಯರೊಬ್ಬರು, "ವಾಗ್ದಾನ ಸುಳ್ಳಾಗಲ್ಲಮ್ಮ, ವಿಶ್ವಾಸ ಸಾಲದಾಗಿರುತ್ತೆ" ಎಂದರು. ಆವತ್ತಿನಿಂದ ಬೈಬಲ್ ತೆರೆಯಲು ಕೈ ಬರುತ್ತಿಲ್ಲ. ಅಮ್ಮನಿಗೆ ಓದಲು ಬರುವುದಿಲ್ಲ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮೊದಲು ಅಪ್ಪ ಓದುತ್ತಿದ್ದರು, ಈಗ ನಾನೇ ಓದಬೇಕು. ಬಾಯಿ ಓದುತ್ತದೆ, ಮನಸ್ಸು ಇರುವುದಿಲ್ಲ. ಹಿತ್ತಲಲ್ಲಿ ಅಪ್ಪ ಮಾಡಿದ್ದ ಮೆಣಸಿನ ಪಾತಿಯೂ ಒಣಗಿ ಹೋಯಿತು. ಸಂಡೆ ಸ್ಕೂಲ್ ಬಿಟ್ಟುಬಿಡಲೇ? ನಂಬದೆ ಮಕ್ಕಳಿಗೆ ಹೇಗೆ ಕಲಿಸಲಿ?
— ಹೆಸರು ಬೇಡ, ಗದಗ ಜಿಲ್ಲೆ

ಪ್ರಿಯ ಸಹೋದರಿ,

ಮೊದಲು ಆ ಹಿರಿಯರ ಮಾತು. ಅದು ನಿಮ್ಮ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿದೆ. ಅದು ಹೊರಗೆ ಬರದೆ ನಾನು ಬೇರೆ ಏನು ಹೇಳಿದರೂ ನಿಮಗೆ ನಾಟುವುದಿಲ್ಲ.

ಗೆತ್ಸೇಮನೆ ತೋಟದ ರಾತ್ರಿ ನೆನಪು ಮಾಡಿಕೊಳ್ಳಿ. ಯೇಸುಸ್ವಾಮಿ ನೆಲಕ್ಕೆ ಬಿದ್ದು, ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ನನ್ನಿಂದ ತೆಗೆದುಬಿಡು ಅಪ್ಪಾ ಎಂದು ಬೇಡಿಕೊಂಡರು. ಒಂದೇ ಸಲ ಅಲ್ಲ, ಹೋಗಿ ಬಂದು ಅದೇ ಮಾತನ್ನು ಮತ್ತೆ ಬೇಡಿಕೊಂಡರು ಎಂದು ಮಾರ್ಕ ಬರೆಯುತ್ತಾನೆ. ಪಾತ್ರೆ ತಪ್ಪಲಿಲ್ಲ. ಮಾರನೇ ದಿನ ಶಿಲುಬೆ. ಅವರ ವಿಶ್ವಾಸ ಸಾಲದಾಯಿತು ಎಂದು ಯಾರಾದರೂ ಹೇಳುತ್ತಾರಾ? ಅವರಿಗೆ ಹೇಳಲಾಗದ ಮಾತನ್ನು ನಿಮಗೂ ಹೇಳಬಾರದು. ನಿಮ್ಮ ಅಪ್ಪ ಹೋದದ್ದು ಹೃದಯದ ಕಾಯಿಲೆಯಿಂದ. ನಿಮ್ಮ ಪ್ರಾರ್ಥನೆ ಕಡಿಮೆಯಾಗಿ ಅಲ್ಲ.

ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರೂ ಆ ಹಿರಿಯರ ಹಾಗೇ ಮಾಡಿದರು. ಮೊದಲ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ಆಮೇಲೆ ಬಾಯಿ ಬಿಟ್ಟು, ನಿನ್ನದೇ ಏನೋ ತಪ್ಪಿದೆ ಎಂದು ವಾದಕ್ಕಿಳಿದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಕೂಗಾಡಿದ, ದೇವರನ್ನೇ ಪ್ರಶ್ನೆ ಕೇಳಿದ ಯೋಬನ ಮೇಲೆ ಅಲ್ಲ.

ಇನ್ನು ಆ ಕಾರ್ಡ್.

ಕಾರ್ಡ್ ತೆಗೆಯುವುದನ್ನು ನಾನು ಹೀಯಾಳಿಸುವುದಿಲ್ಲ. ನಾನೂ ತೆಗೆದವಳೇ. ನಡುರಾತ್ರಿ ಹನ್ನೆರಡಕ್ಕೆ, ಚಳಿಯಲ್ಲಿ, ಹೊಸ ವರ್ಷಕ್ಕೆ ಒಂದು ಮಾತು ಸಿಕ್ಕಿತಲ್ಲ ಎನ್ನುವ ಸಂತೋಷ ನನಗೂ ಗೊತ್ತು. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರಾವಿಯನ್ ಸಭೆಯವರು 1731ರಿಂದಲೂ ಚೀಟಿ ಎತ್ತಿ ವರ್ಷದ ಪ್ರತಿ ದಿನಕ್ಕೂ ಒಂದೊಂದು ವಚನ ಆರಿಸಿ ಅಚ್ಚು ಹಾಕಿಸುತ್ತಾರೆ. ಆದರೆ ಅಲ್ಲಿ ಒಂದು ದಿನದ ವಚನ ಎಲ್ಲರಿಗೂ ಒಂದೇ. ಇವರಿಗೆ ಆಪರೇಷನ್, ಅವರಿಗೆ ಮದುವೆ ಎಂದು ಒಬ್ಬೊಬ್ಬರ ಭವಿಷ್ಯ ಹೇಳುವ ಕೆಲಸ ಅದಕ್ಕಿಲ್ಲ. ನಮ್ಮಲ್ಲಿ ಯಾವಾಗಲೋ ಆ ಕಾರ್ಡು ಕಣಿ ಹೇಳುವ ಕಾರ್ಡಾಗಿಬಿಟ್ಟಿದೆ. ಇದು ನಿಮ್ಮೊಬ್ಬರ ತಪ್ಪಲ್ಲ. ನಮಗೆ ಯಾರೂ ಬೇರೆ ರೀತಿ ಕಲಿಸಲಿಲ್ಲ.

ನಿಮ್ಮ ಕಾರ್ಡಿನಲ್ಲಿ ಇದ್ದದ್ದು ಒಂದು ಪತ್ರದ ನಡುವಿನ ಸಾಲು. ಯೆರೆಮೀಯ 29 ನಿಜವಾಗಿ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರರು, ಕುಶಲ ಕೆಲಸದವರನ್ನೂ ಸೆರೆ ಹಿಡಿದು ಒಯ್ದ. ಊರು, ದೇವಾಲಯ, ಭಾಷೆ ಎಲ್ಲ ಬಿಟ್ಟು ಪರದೇಶದಲ್ಲಿ ಕೂತವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದು ಕಳಿಸಿದ ಪತ್ರ ಅದು. ತೆಗೆದುಕೊಂಡು ಹೋದವರ ಹೆಸರೂ ಅಲ್ಲೇ ಇದೆ.

ಅದಕ್ಕೆ ಮೊದಲಿನ ಅಧ್ಯಾಯವನ್ನೂ ಓದಿ. ಅಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಇದ್ದಾನೆ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಎಲ್ಲರೆದುರು ಮುರಿದು, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಎಂದು ದೇವರ ಹೆಸರಲ್ಲಿ ಹೇಳಿದ. ಜನಕ್ಕೆ ಎಷ್ಟು ಹಿತವಾಗಿ ಕೇಳಿಸಿರಬೇಕು! ಆದರೆ ಅದು ದೇವರ ಮಾತಾಗಿರಲಿಲ್ಲ. ಯೆರೆಮೀಯ ಪತ್ರದಲ್ಲಿ ಬರೆದದ್ದು ಎಪ್ಪತ್ತು ವರ್ಷ. ಅದು 10ನೇ ವಚನ. ನಿಮ್ಮ ಕಾರ್ಡಿನ 11ನೇ ವಚನ ಅದರ ಬೆನ್ನಿಗೇ ಬರುತ್ತದೆ. ಕಾರ್ಡಿನಲ್ಲಿ ಮೇಲಿನ ಸಾಲು ಇರುವುದಿಲ್ಲ, ಅಲ್ವಾ?

ಸ್ವಲ್ಪ ಲೆಕ್ಕ ಹಾಕಿ. ಪಾರಸಿಯ (ಪರ್ಷಿಯಾದ) ಅರಸ ಕೋರೆಷ ಬಾಬೆಲನ್ನು ಗೆದ್ದು ಯೆಹೂದ್ಯರಿಗೆ ಊರಿಗೆ ಮರಳುವ ದಾರಿ ತೆರೆದದ್ದು ಕ್ರಿ.ಪೂ. 539ರ ನಂತರ. ಸೆರೆ ಹೋಗುವಾಗ ನಲವತ್ತು ದಾಟಿದ್ದ ಒಬ್ಬ ಅಪ್ಪ ಆ ದಿನ ನೋಡಲು ನೂರರ ಹತ್ತಿರ ಬದುಕಿರಬೇಕಿತ್ತು. ಅಂದರೆ ಆ ಪತ್ರವನ್ನು ಕಿವಿಯಾರೆ ಕೇಳಿದವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾದರು. ದೇವರ ಹಿತದ ಆಲೋಚನೆ ಅವರಿಗೂ ಸೇರಿಯೇ ಹೇಳಿದ್ದು. ಅವರ ಸಾವು ಅದನ್ನು ಸುಳ್ಳು ಮಾಡಲಿಲ್ಲ. ನಿಮ್ಮ ಅಪ್ಪನ ಸಾವೂ ಮಾಡುವುದಿಲ್ಲ. ಯಾಕೆಂದರೆ ಆ ವಚನ ಯಾರಿಗೂ ಸಾವು ಬರುವುದಿಲ್ಲ ಎಂದು ಎಂದೂ ಹೇಳಿರಲಿಲ್ಲ.

ಇನ್ನೊಂದು ಸಣ್ಣ ವಿಷಯ. ನೀವು ಶಿಕ್ಷಕಿ, ಬೇಗ ಹಿಡಿಯುತ್ತೀರಿ. ನಾನು ನಿಮ್ಮೊಬ್ಬರಿಗೇ ಬರೆಯುತ್ತಿದ್ದರೂ 'ನೀವು' ಅನ್ನುತ್ತಿದ್ದೇನೆ. ಅದು ಮರ್ಯಾದೆ. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಹಾಗಲ್ಲ. ದೇವರು ಒಬ್ಬರ ಜೊತೆ ಮಾತಾಡುವಾಗ 'ನೀನು' ಎನ್ನುತ್ತಾನೆ. ಯೆಹೋಶುವನಿಗೆ, ನಾನು ನಿನ್ನ ಸಂಗಡ ಇರುತ್ತೇನೆ ಎಂದ ಹಾಗೆ. ಯೆರೆಮೀಯ 29:11ರಲ್ಲಿ ಇರುವುದು 'ನಿಮ್ಮ'. ಅದು ಬಹುವಚನ, ಇಡೀ ಜನಕ್ಕೆ ಹೇಳಿದ್ದು. ಕಾರ್ಡಿನಲ್ಲಿ ಒಂಟಿಯಾಗಿ ಓದಿದಾಗ ನಮಗೆ ಒಬ್ಬರಿಗೇ ಮರ್ಯಾದೆ ಕೊಟ್ಟು ಹೇಳಿದ ಹಾಗೆ ಕೇಳಿಸುತ್ತದೆ. ಆ ಒಂದು ಪದದಲ್ಲೇ ನಾವು ಜಾರುತ್ತೇವೆ.

ಈಗ ಅದೇ ಪತ್ರದ 5, 6, 7ನೇ ವಚನಕ್ಕೆ ಹೋಗಿ. ನನಗೆ 11ಕ್ಕಿಂತ ಇವೇ ಜಾಸ್ತಿ ಇಷ್ಟ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿ ಎನ್ನುತ್ತಾನೆ ಯೆರೆಮೀಯ. ಯಾವ ಊರು? ತಮ್ಮನ್ನು ಸೆರೆ ತಂದ ಬಾಬೆಲು! ಊರಿನ ಕ್ಷೇಮ ಎನ್ನುವಲ್ಲಿ ಮೂಲ ಹೀಬ್ರೂವಿನಲ್ಲಿ ಇರುವ ಪದ ಶಾಲೋಮ್. 11ನೇ ವಚನದಲ್ಲಿ ಹಿತ ಎನ್ನುವಲ್ಲಿ ಇರುವುದೂ ಅದೇ ಶಾಲೋಮ್. ದೇವರು ಅವರಿಗಾಗಿ ಇಟ್ಟುಕೊಂಡ ಹಿತ, ಅವರು ಆ ಕೆಟ್ಟ ಊರಿಗಾಗಿ ಬೇಡಬೇಕಾದ ಹಿತ, ಎರಡೂ ಒಂದೇ. ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಓದುವುದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ನನಗೂ ಆಗ ಮನೆಯಲ್ಲಿ ಒಂದು ಸಾವಾಗಿತ್ತು. ಮನೆ ಕಟ್ಟು, ತೋಟ ಮಾಡು ಎನ್ನುವುದು ನೋವಿನಲ್ಲಿರುವವರಿಗೆ ಹೇಳಿದ ಮಾತು ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ನೀವು ಮತ್ತೆ ಬೈಬಲ್ ತೆರೆಯುವುದಾದರೆ ಇಲ್ಲಿಂದ ತೆರೆಯಿರಿ ಎನ್ನುತ್ತೇನೆ. ಆ ಪತ್ರವನ್ನು ಪತ್ರದ ಹಾಗೆ, ತಲೆಯಿಂದ ಕಾಲಿನವರೆಗೆ ಒಂದೇ ಸಲಕ್ಕೆ ಓದಿ. ಬರೆದವರು ಯಾರು, ಯಾರಿಗೆ, ಅವರ ಮೇಲೆ ಏನು ಬಂದಿತ್ತು? ಅದು ಗೊತ್ತಾದ ಮೇಲೆ, ಈ ಮಾತು ನನಗೆ ಏನು ಹೇಳುತ್ತದೆ ಎಂದು ಕೇಳಿಕೊಳ್ಳಿ. ನಾವು ಸಾಮಾನ್ಯವಾಗಿ ಎರಡನೆಯದನ್ನೇ ಮೊದಲು ಕೇಳುತ್ತೇವೆ. ಅಪ್ಪನ ಬೈಬಲ್ ಕೈಗೆ ಭಾರ ಎನಿಸಿದರೆ ಅದನ್ನು ಸದ್ಯಕ್ಕೆ ಎತ್ತಿಡಿ, ತಪ್ಪೇನಿಲ್ಲ. ಸರಳ ಕನ್ನಡದ ಬೇರೆ ಅನುವಾದ ತೆಗೆದುಕೊಳ್ಳಿ. ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಅವಸರ ಬೇಡ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸುವಾಗ 1831 ಆಗಿತ್ತು. ಅವರು ಒಂದೊಂದು ಪದದ ಮುಂದೆ ಅಷ್ಟು ಕಾಲ ಕೂತಿದ್ದರು. ನಾವು ಒಂದು ಅಧ್ಯಾಯದ ಮುಂದೆ ಒಂದು ವಾರ ಕೂರಬಹುದು.

ಆಮೇಲೆ ಮಾರ್ಕನ ಸುವಾರ್ತೆ. 16 ಅಧ್ಯಾಯ ಅಷ್ಟೇ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಸಿಗುತ್ತಾನೆ. ನಂಬುತ್ತೇನೆ, ನಂಬಲಾಗದ ನನಗೆ ಸಹಾಯ ಮಾಡು ಎಂದು ಕೂಗುತ್ತಾನೆ. ಒಂದೇ ಉಸಿರಿನಲ್ಲಿ ಎರಡೂ. ನೀವು ನನಗೆ ಬರೆದ ಪತ್ರವೂ ಹೆಚ್ಚು ಕಡಿಮೆ ಅದೇ. ಯೇಸುಸ್ವಾಮಿ ಅವನಿಗೆ ಹೋಗಿ ವಿಶ್ವಾಸ ತುಂಬಿಕೊಂಡು ಬಾ ಎನ್ನಲಿಲ್ಲ. ಆ ಮಗನನ್ನು ವಾಸಿ ಮಾಡಿದರು. ನಿಮ್ಮ ಅಪ್ಪ ವಾಸಿಯಾಗಲಿಲ್ಲವಲ್ಲ ಎಂದು ನೀವು ಕೇಳುತ್ತೀರಿ. ಯಾಕೆ ಆ ಮನೆಗೆ ಅದು, ನಿಮ್ಮ ಮನೆಗೆ ಇದು ಎನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಉತ್ತರ ಇದೆ ಎನ್ನುವವರಿಂದ ಸ್ವಲ್ಪ ದೂರವೇ ಇರಿ.

ಸಿಟ್ಟು ಬಂದರೆ 88ನೇ ಕೀರ್ತನೆ ಓದಿ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಹೇಗೋ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಸೇರಿಸಿಯೇ ನಮ್ಮ ಹಿರಿಯರು 150 ಕೀರ್ತನೆ ಎಂದು ಎಣಿಸಿದರು. ನನ್ನ ತಾಯಿಯ ಬೈಬಲಿನಲ್ಲಿ ಆ ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಮೂರು ತಾರೀಖು ಬರೆದಿದೆ. ಬೇರೆ ಏನೂ ಬರೆದಿಲ್ಲ.

ಓದು ದಿನದ ಬದುಕಿಗೆ ಇಳಿಯುವುದು ಹೇಗೆ ಎಂದು ನೀವು ನೇರವಾಗಿ ಕೇಳಲಿಲ್ಲ. ಆದರೂ ಹೇಳುತ್ತೇನೆ. ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಬಟ್ಟೆ, ಊಟ ಇಲ್ಲದವರಿಗೆ ಏನೂ ಕೊಡದೆ, ಸಮಾಧಾನದಿಂದ ಹೋಗಿ, ಹೊಟ್ಟೆ ತುಂಬಿಸಿಕೊಳ್ಳಿ ಎಂದರೆ ಏನು ಪ್ರಯೋಜನ? ಆ ಹಿರಿಯರು ನಿಮಗೆ ಕೊಟ್ಟದ್ದು ಅಂಥ ಬರೀ ಬಾಯಿ ಮಾತು. ನೀವು ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರು. ಅಲ್ಲಿ ಕೂತವರಿಗೆ ಏನು ಬೇಕು ಎಂದು ಈಗ ನಿಮಗೆ ಗೊತ್ತು. ಬಿಸಿ ಚಹಾ, ಔಷಧಿ ಅಂಗಡಿಗೆ ಓಡುವ ಒಬ್ಬರು, ಸ್ವಲ್ಪ ಹೊತ್ತು ಕಣ್ಣು ಮುಚ್ಚಲು ಬಿಡುವವರು. ಸಭೆಯಲ್ಲಿ ಇನ್ನೊಂದು ಮನೆಗೆ ಆ ಕಷ್ಟ ಬಂದಾಗ ವಚನ ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡಿ. ಫ್ಲಾಸ್ಕ್ ತೆಗೆದುಕೊಂಡು ಹೋಗಿ.

ಸಂಡೆ ಸ್ಕೂಲ್ ವಿಷಯ. ಬಿಟ್ಟುಬಿಡಬೇಡಿ, ಆದರೆ ಒಂದೆರಡು ತಿಂಗಳು ರಜೆ ತೆಗೆದುಕೊಳ್ಳಿ. ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಲೆನೋವು, ಶಾಲೆ ಕೆಲಸ ಎಂದು ನೆಪ ಬೇಡ. ಆ ಹಿರಿಯರು ಏನಂದರು ಎನ್ನುವುದನ್ನೂ ಹೇಳಿ. ಅದು ದೂರಲ್ಲ, ನಾಳೆ ಇನ್ನೊಂದು ಮನೆಯಲ್ಲಿ ಅವರು ಅದೇ ಮಾತು ಆಡಬಾರದು. ವಾಪಸ್ ಹೋದಾಗ ದೊಡ್ಡ ಮಕ್ಕಳ ತರಗತಿ ಕೇಳಿ ಪಡೆಯಿರಿ. ಅವರಿಗೆ ಯೆರೆಮೀಯನ ಪತ್ರ ಇಡಿಯಾಗಿ ಓದಿಸಿ. ನಿಮ್ಮಷ್ಟು ಚೆನ್ನಾಗಿ ಅದನ್ನು ಯಾರೂ ಓದಿಸಲಾರರು.

ಅಮ್ಮನಿಗೆ ನೀವೇ ಧೈರ್ಯ ಹೇಳಿದ್ದಿರಿ. ಈಗ ಆ ಮಾತು ನಿಮ್ಮನ್ನು ಚುಚ್ಚುತ್ತಿದೆ. "ಅಮ್ಮಾ, ನಾನು ಆ ವಚನ ತಪ್ಪಾಗಿ ತಿಳಿದುಕೊಂಡಿದ್ದೆ" ಎಂದು ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ. ಅವರಿಗೂ ಹಗುರಾಗಬಹುದು. ಇವತ್ತು ರಾತ್ರಿಯ ಪ್ರಾರ್ಥನೆಗೆ ನೀವು ಓದಲೇಬೇಕು ಎಂದೇನಿಲ್ಲ. ಅಕ್ಷರ ಬಾರದ ನಮ್ಮ ಎಷ್ಟೋ ತಾಯಂದಿರಿಗೆ ಕೀರ್ತನೆಗಳು ಬಾಯಿಪಾಠ ಇರುತ್ತವೆ. ಒಂದನ್ನು ಹೇಳಲು ಅವರನ್ನೇ ಕೇಳಿ. ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಮತ್ತೆ ಮಳೆ ಬಿದ್ದಾಗ ಆ ಪಾತಿ ಅಗೆದು ಮೆಣಸಿನ ಸಸಿ ಹಾಕಿ. ಕಾಯಿ ಬಿಟ್ಟ ಮೇಲೆ ನನಗೊಂದು ಪತ್ರ ಬರೆಯಿರಿ.